ಚಮಚದ ಹತ್ತು ಏಟು

ಪ್ರತಿ ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮುಂದೆ ಕಂಪ್ಯೂಟರ್ ಹಿಡಿದು ಕೂರುತ್ತೇನೆ. ನಮ್ಮ ಇತಿಹಾಸದ ಆನ್‌ಲೈನ್ ಬಳಗದಲ್ಲಿ ಆ ವಾರ ಯಾರೂ ಉತ್ತರಿಸದ ಹತ್ತು ಪ್ರಶ್ನೆಗಳನ್ನು ಆರಿಸಿ, ಎಲ್ಲರ ಕಣ್ಣಿಗೆ ಬೀಳುವಂತೆ ಹಾಕುವುದು ನನ್ನ ಕೆಲಸ. ಹಿಟ್ಲರ್ ಏನು ತಿನ್ನುತ್ತಿದ್ದ ಎಂದು ಕೇಳಿದರೆ ಸಂಜೆಯೊಳಗೆ ನಾನೂರು ಜನ ಮುಗಿಬೀಳುತ್ತಾರೆ. ಹಡಗಿನಲ್ಲಿ ಬಟ್ಟೆ ಒಗೆಯುತ್ತಿದ್ದವರು ಯಾರು ಎಂದು ಕೇಳಿ ನೋಡಿ, ಒಬ್ಬನೂ ಇತ್ತ ಸುಳಿಯುವುದಿಲ್ಲ. ಮೈ ಉರಿಯುತ್ತದೆ.

“ನಿನ್ನ ಪ್ರಶ್ನೆಗಳ ಅನಾಥಾಶ್ರಮದಲ್ಲಿ ಇವತ್ತು ಎಷ್ಟು ಮಕ್ಕಳು, ವರ್ನಾ?” ನನ್ನ ಗಂಡ ಕ್ಲೆಮ್ ಪ್ಯಾನ್‌ಕೇಕಿಗೆ ಸಿರಪ್ ಸುರಿದುಕೊಳ್ಳುತ್ತ ಕೆಣಕಿದ.

“ಹತ್ತು. ಅದರಲ್ಲೊಂದು ಮೂರು ವಾರದಿಂದ ಇಲ್ಲೇ ಬಿದ್ದಿದೆ.”

ಅದು ಆರ್ಲೀನ್ ಎಂಬಾಕೆಯ ಪ್ರಶ್ನೆ. ಅವಳ ಅಮ್ಮ ಐವತ್ತರ ದಶಕದಲ್ಲಿ ಕೆನಡಾದ ನಮ್ಮ ಸಸ್ಕ್ಯಾಚೆವಾನ್ ಪ್ರಾಂತ್ಯದ್ದೇ ಒಂದು ಹಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದವಳು. ಈಗ ಮರೆವಿನ ಕಾಯಿಲೆ, ಮಾತು ನಿಂತಿದೆ. ಆದರೂ ದಿನಾ ಮಧ್ಯಾಹ್ನ ಊಟಕ್ಕೆ ಕೂತಾಗ ಚಮಚದಿಂದ ಮೇಜಿನ ಮೇಲೆ ಹತ್ತು ಏಟು ಹಾಕಿ, ಎಲ್ಲರ ಮುಖ ನೋಡುತ್ತ ಕಾಯುತ್ತಾಳೆ. ನೀರು ಕೊಟ್ಟರೆ ತಳ್ಳುತ್ತಾಳೆ, ಅಳುತ್ತಾಳೆ. ಎಕ್ಸ್‌ಚೇಂಜಿನಲ್ಲಿ ಹೀಗೆ ಹತ್ತು ಸಲ ಬಾರಿಸುವ ಪದ್ಧತಿ ಏನಾದರೂ ಇತ್ತೇ? ಅಮ್ಮನಿಗೆ ಹೆಚ್ಚು ದಿನವಿಲ್ಲ ಎಂದಿದ್ದಾರೆ ಡಾಕ್ಟರು, ಬೇಗ ತಿಳಿಸಿ ಎಂದು ಬರೆದಿದ್ದಳು.

ಮೂರೂ ಭಾನುವಾರ ಅದನ್ನೇ ಪಟ್ಟಿಯ ತಲೆಯಲ್ಲಿಟ್ಟೆ. ಬಂದದ್ದೆಲ್ಲ ಕಸ, ಬಂದಂತೆ ಅಳಿಸಿದೆ. ಆಧಾರಗ್ರಂಥ ಹೆಸರಿಸದ ಉತ್ತರ, ಮನೆಯವರ ನೆನಪು ಇವೆಲ್ಲ ನಮ್ಮಲ್ಲಿ ನಡೆಯುವುದಿಲ್ಲ. ಆ ನಿಯಮ ಬರೆದವಳೂ ನಾನೇ. ಅಳಿಸಿದರೂ ಹೊರಗೆ ಕಾಣುವ ಉತ್ತರಗಳ ಸಂಖ್ಯೆ ಮಾತ್ರ ಇಳಿಯುವುದಿಲ್ಲ.

ಇವತ್ತಿನ ಪಟ್ಟಿ ಹಾಕುವಷ್ಟರಲ್ಲಿ ಆರ್ಲೀನಳ ಸಂದೇಶ ಬಂತು. “ವರ್ನಾ ಅವ್ರೇ, ಹೊರಗೆ ಹನ್ನೆರಡು ಉತ್ತರ ಅಂತ ತೋರಿಸುತ್ತೆ, ಒಳಗೆ ಹೋದ್ರೆ ಒಂದೂ ಇಲ್ಲ. ಅಮ್ಮ ಗುರುವಾರ ಹೋಗ್ಬಿಟ್ಲು. ಅಳಿಸಿದ್ರಲ್ಲಿ ಏನಾದ್ರೂ ಇತ್ತಾ?”

ಅಳಿಸಿದವುಗಳನ್ನು ತೆರೆದೆ. ಹನ್ನೊಂದು ಪೋಲಿ ಜೋಕುಗಳು. ಉಳಿದ ಒಂದು ಓರ್ವಿಲ್ ಎಂಬ ತೊಂಬತ್ತೊಂದರ ಮುದುಕನದು, ಎರಡು ವಾರ ಹಳೆಯದು.

“ನಮ್ಮೂರ ಮನೆಗಳಿಗೆಲ್ಲ ಒಂದೇ ಲೈನು, ಹತ್ತು ರಿಂಗ್ ಆದ್ರೆ ಎಲ್ಲ ಮನೆಯವ್ರೂ ಫೋನ್ ಎತ್ತಬೇಕಿತ್ತು. ಬೆಂಕಿ, ಹಿಮಗಾಳಿ, ಸಾವು, ಏನೇ ಇರ್ಲಿ, ಎಕ್ಸ್‌ಚೇಂಜಿನ ಹುಡುಗಿ ಎಲ್ರಿಗೂ ಒಟ್ಟಿಗೆ ಹೇಳೋಳು. ನಾವು ‘ಕೇಳ್ತಿದೀವಿ, ಹೇಳು’ ಅನ್ನೋವರೆಗೂ ಬಾಯಿ ಬಿಡ್ತಿರ್ಲಿಲ್ಲ.”

ಕೆಳಗೆ ನನ್ನ ಹೆಸರು, ನನ್ನ ಷರಾ: ಸ್ವಂತ ನೆನಪು, ಆಧಾರವಿಲ್ಲ. ‘ನಮ್ಮೂರ’ ಎಂಬ ಮಾತು ಕಂಡದ್ದೇ ಮುಂದೆ ಓದದೆ ಅಳಿಸಿದ್ದೆ. ಯಾರೂ ತಿರುಗಿ ನೋಡುವುದಿಲ್ಲ ಎಂದು ಆರು ವರ್ಷದಿಂದ ಊರನ್ನೆಲ್ಲ ಬೈದವಳು ನಾನು. ನನ್ನ ಮೇಲೇ ಅಸಹ್ಯವಾಯಿತು.

ಕ್ಲೆಮ್ ಬಗ್ಗಿ ಓದಿದ. “ಆಧಾರ ಬೇಕಿತ್ತಾ ನಿಂಗೆ? ಆ ಮುದುಕನೇ ಆಧಾರ ಅಲ್ವೇನೇ?” ಅವನ ದನಿಯಲ್ಲಿ ಕೀಟಲೆ ಇರಲಿಲ್ಲ.

ಓರ್ವಿಲನ ಉತ್ತರವನ್ನು ಆರ್ಲೀನಳಿಗೆ ಕಳಿಸಿದೆ. ನನ್ನ ತಪ್ಪನ್ನೂ ಬರೆದೆ. ಕಾಫಿ ಆರುವ ಮೊದಲೇ ಅವಳ ಮಾತು ಬಂತು.

“ನೀರು ಕೊಟ್ವಿ, ಮಾತ್ರೆ ಕೊಟ್ವಿ, ಕಂಬಳಿ ಹೊದಿಸಿದ್ವಿ. ‘ಹೇಳು’ ಅಂತ ಒಬ್ರೂ ಅನ್ಲಿಲ್ಲ.”