ಜಗಲಿಯ ಜರ್ಮನ್ ಮಗ್ಗಿ

ಯುದ್ಧ ಶುರುವಾದ ಮೇಲೆ ಬೆಂಗಳೂರಿನಲ್ಲಿದ್ದ ಒಬ್ಬ ಜರ್ಮನ್ ಎಂಜಿನಿಯರನ್ನು ಸರ್ಕಾರ ಹಿಡಿದು ಸೆರೆಶಿಬಿರಕ್ಕೆ ಕಳುಹಿಸಿತು. ಅವನ ಮೇಜು, ಕುರ್ಚಿ, ಗಡಿಯಾರಗಳ ಜೊತೆಗೆ ನಾಯಿಯೂ ಹರಾಜಾಯಿತು. ಅದನ್ನು ಕೊಂಡವನು ನಮ್ಮ ಕುಂದಾಣದ ಜಮೀನುದಾರ ವೆಂಕಟರಾಯಪ್ಪ. ನಾಯಿಗೆ ಕನ್ನಡ ತಿಳಿಯದು, ಇಂಗ್ಲಿಷೂ ತಿಳಿಯದು. ಆದ್ದರಿಂದ ಜರ್ಮನನ ಅಡುಗೆಯವನಾಗಿದ್ದ ನಜೀಬುಲ್ಲಾನನ್ನೂ ಸಂಬಳ ಗೊತ್ತುಮಾಡಿ ಕರೆತಂದ.

ನಾನು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಕೆಲಸದಿಂದ ಆಗಲೇ ನಿವೃತ್ತನಾಗಿದ್ದೆ. ಊರಿಗೆ ಬರುತ್ತಿದ್ದ ಒಂದೇ ಪತ್ರಿಕೆ ಬರುತ್ತಿದ್ದುದು ವೆಂಕಟರಾಯಪ್ಪನ ಮನೆಗೆ. ಸಂಜೆ ಅವನ ಜಗಲಿಯಲ್ಲಿ ಕುಳಿತು ಯುದ್ಧದ ಸುದ್ದಿಯನ್ನು ಓದಿ ಹೇಳುವುದು ನನ್ನ ರೂಢಿ. ಹೀಗಾಗಿ ಇದೆಲ್ಲವನ್ನೂ ನೋಡಬೇಕಾಯಿತು.

ಮೊದಲು ವೆಂಕಟರಾಯಪ್ಪ ನಾಯಿಗೆ ತಿಳಿಯುವ ಜರ್ಮನ್ ಮಾತನ್ನು ನಜೀಬುಲ್ಲಾನಿಂದ ತಾನೇ ಕಲಿಯಲು ಹೊರಟ. ನಾಲಗೆ ತಿರುಗಲಿಲ್ಲ. ಆಮೇಲೆ ತನ್ನ ಗುತ್ತಿಗೆಯ ರೈತರನ್ನೆಲ್ಲ ಜಗಲಿಯ ಕೆಳಗೆ ಕೂರಿಸಿದ.

"ಮೇಷ್ಟ್ರೇ, ಮಗ್ಗಿ ಹೇಳಿಸ್ದಂಗೆ ಇದನ್ನೂ ಬಾಯಿಪಾಠ ಮಾಡ್ಸಿ" ಎಂದ.

"ನನಗೆ ಬರುವುದನ್ನು ಮಾತ್ರ ನಾನು ಹೇಳಿಕೊಡುತ್ತೇನೆ" ಎಂದೆ. ನಜೀಬುಲ್ಲಾನೇ ಹೇಳಿಸಿದ. ನಾಯಿ ಎಂದರೆ ಹುಂಟ್. ಕೊರಳಪಟ್ಟಿ ಹಾಲ್ಸ್‌ಬಾಂಡ್. ಹಗ್ಗ ಲೈನೆ. ಕೂರು ಎನ್ನಲು ಜಿಟ್ಸ್, ಮಲಗು ಎನ್ನಲು ಪ್ಲಾಟ್ಸ್. ದಿನವಿಡೀ ಕೆಸರಿನಲ್ಲಿ ದುಡಿದು ಬಂದವರು ಮಕ್ಕಳಂತೆ ರಾಗವಾಗಿ ಅದನ್ನು ಹೇಳುತ್ತಿದ್ದರು.

ಜರ್ಮನನ ಮನೆಯಿಂದ ನಾಯಿಜಾತಿಗಳ ಚಿತ್ರಪಟವೊಂದು ಬಂದಿತ್ತು. ವೆಂಕಟರಾಯಪ್ಪ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ಲಕ್ಷ್ಮಿಯ ಪಟದ ಪಕ್ಕಕ್ಕೆ ತೂಗುಹಾಕಿದ. ಪಾಠದ ಹೊತ್ತಿಗೆ ಅದನ್ನು ಜಗಲಿಗೆ ತರಿಸಿ ಕೋಲಿನಿಂದ ತೋರಿಸುತ್ತಿದ್ದ. ಕಿವಿ ನಿಮಿರಿದ್ದು ಶೇಫರ್‌ಹುಂಟ್, ಅಂದರೆ ಅವನು ಕೊಂಡದ್ದು. ಉಣ್ಣೆಯಂಥ ಕೂದಲಿನದು ಪೂಡೆಲ್. ಮೈ ಉದ್ದ, ಕಾಲು ಗಿಡ್ಡವಾದದ್ದು ಡಾಕಲ್. ಗಿಡ್ಡ ಕಾಲಿನ ಗೋಪಾಲಪ್ಪನಿಗೆ ಅಂದಿನಿಂದ ಅದೇ ಹೆಸರಾಯಿತು.

"ಲೇ ಡಾಕಲ್, ಎಲ್ಲಿ ಹೇಳೋ, ನೀನ್ಯಾರು?"

"ನಾನು ಡಾಕಲ್ ಕಣ್ ಬುದ್ಧಿ" ಎಂದು ಗೋಪಾಲಪ್ಪ ಹಲ್ಲು ಕಿರಿಯುತ್ತಿದ್ದ. ಉಳಿದವರು ನಗುತ್ತಿದ್ದರು. ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ.

ಒಂದು ಸಂಜೆ ನಜೀಬುಲ್ಲಾ, "ಮನುಷ್ಯ ತಿಂದ್ರೆ ಆ ಭಾಷೇಲಿ ಬೇರೆ ಮಾತು, ಜಾನ್ವಾರ ತಿಂದ್ರೆ ಬೇರೆ. ನಾಯಿಗೆ ತಿನ್ನು ಅನ್ನೋಕೆ ಫ್ರಿಸ್ ಅನ್ಬೇಕು ಸಾಬ್. ಮನುಷ್ಯಂಗೆ ಅಂದ್ರೆ ಬೈಗುಳ ಆಯ್ತದೆ" ಎಂದ. ವೆಂಕಟರಾಯಪ್ಪನಿಗೆ ಈ ಮಾತು ಬಹಳ ಹಿಡಿಸಿತು. ಅವನ ನಾಲಗೆಗೆ ಸಲೀಸಾಗಿ ಹತ್ತಿದ್ದು ಅದೊಂದೇ.

ಎಲ್ಲರಿಗಿಂತ ಚೆನ್ನಾಗಿ ಕಲಿತವನು ಮುನಿರಾಮಯ್ಯ. ಕೆರೆಯ ಕೆಳಗಿನ ಗದ್ದೆಯನ್ನು ತನ್ನಪ್ಪನ ಕಾಲದಿಂದ ಗುತ್ತಿಗೆಗೆ ಮಾಡುತ್ತಿದ್ದ. ಗುತ್ತಿಗೆ ಬಾಯಿಮಾತಿನದು, ಯುಗಾದಿಗೆ ಯಜಮಾನ ಹೂಂ ಎಂದರೆ ಉಂಟು, ಉಹೂಂ ಎಂದರೆ ಇಲ್ಲ. ನಾಯಿಯನ್ನು ನೋಡಿಕೊಳ್ಳುವಷ್ಟು ಮಾತು ಕಲಿತವನಿಗೇ ಈ ವರ್ಷ ಆ ಗದ್ದೆ ಎಂದು ವೆಂಕಟರಾಯಪ್ಪ ಸಾರಿದ್ದ. ಮುನಿರಾಮಯ್ಯನ ಹೆಂಡತಿ ಮಾರಕ್ಕ ನಾಟಿ ಮಾಡುವಾಗಲೂ ಗಂಡನಿಗೆ ಪಾಠ ಒಪ್ಪಿಸಲು ಹೇಳುತ್ತಿದ್ದಳಂತೆ. ಅವರಿಗೆ ಬೇರೆ ಭೂಮಿ ಇರಲಿಲ್ಲ.

ಮುನಿರಾಮಯ್ಯ ಮೈಲಾರಲಿಂಗನ ಗೊರವ. ಗೊರವನೆಂದರೆ ಆ ದೇವರ ನಾಯಿ. ಹಾಗೆಂದು ಹರಕೆ ಹೊತ್ತು ದೀಕ್ಷೆ ಪಡೆದವನು. ವೆಂಕಟರಾಯಪ್ಪನ ಮನೆದೇವರೂ ಮೈಲಾರಲಿಂಗನೇ. ಭಾರತ ಹುಣ್ಣಿಮೆಯ ಹೊತ್ತಿಗೆ ಆ ಮನೆಯಂಗಳದಲ್ಲಿ ವರ್ಷವರ್ಷವೂ ದೋಣಿಸೇವೆ ನಡೆಯುತ್ತಿತ್ತು. ದೋಣಿ ಎಂಬ ಮರದ ಬೋಗುಣಿಗೆ ಹಾಲು, ಬೆಲ್ಲ, ಬಾಳೆಹಣ್ಣು ತುಂಬುತ್ತಾರೆ. ಗೊರವ ಕಪ್ಪು ಕಂಬಳಿ ಹೊದ್ದು, ಬೊಗಳುತ್ತ ಬಂದು, ಮಂಡಿಯೂರಿ ಬಾಯಿ ಹಾಕಿ ತಿನ್ನುತ್ತಾನೆ. ಉಳಿದುದು ಪ್ರಸಾದ. ಮನೆಯ ಯಜಮಾನ ಅಡ್ಡಬಿದ್ದು ಅದನ್ನು ಮೊದಲು ಪಡೆಯಬೇಕು. ಆ ಗಳಿಗೆಯಲ್ಲಿ ಗೊರವನಿಗಿಂತ ದೊಡ್ಡವರು ಆ ಅಂಗಳದಲ್ಲಿ ಯಾರೂ ಇಲ್ಲ.

ಆ ವರ್ಷ ಸೇವೆಗೆ ಬೆಂಗಳೂರಿನಿಂದ ಹೊಸ ಬೀಗರು ಬಂದಿದ್ದರು. ವೆಂಕಟರಾಯಪ್ಪ ನಾಯಿಯನ್ನು ಪಕ್ಕದ ಕಂಬಕ್ಕೆ ಕಟ್ಟಿಸಿ ಕುರ್ಚಿಯಲ್ಲಿ ಕುಳಿತಿದ್ದ. ಮುನಿರಾಮಯ್ಯ ಏಳುಕೋಟಿ ಎಂದು ಕೂಗಿ, ಬೊಗಳುತ್ತ ಬಂದು, ದೋಣಿಯ ಮುಂದೆ ಮಂಡಿಯೂರಿ ಬಾಯಿ ಹಾಕಿದ. ವೆಂಕಟರಾಯಪ್ಪ ಬೀಗರ ಕಡೆಗೆ ಕಣ್ಣು ಮಿಟುಕಿಸಿ, ಕೋಲು ಎತ್ತಿ, "ಫ್ರಿಸ್" ಎಂದ.

ಕಟ್ಟಿದ್ದ ನಾಯಿ ಮೇಲೆದ್ದಿತು. ಬೀಗರು ನಕ್ಕರು. ಆ ಮಾತಿನ ಅರ್ಥ ಅಂಗಳದಲ್ಲಿದ್ದ ಪ್ರತಿಯೊಬ್ಬ ರೈತನಿಗೂ ಗೊತ್ತಿತ್ತು. ಸಂಜೆಸಂಜೆ ಕುಳಿತು ಬಾಯಿಪಾಠ ಮಾಡಿದ್ದರಲ್ಲ. ಅವರಲ್ಲಿಯೂ ಕೆಲವರು ನಕ್ಕರು. ಗೋಪಾಲಪ್ಪ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ.

ಮುನಿರಾಮಯ್ಯ ಮುಖವೆತ್ತಿದ. ಗಡ್ಡದಿಂದ ಹಾಲು ತೊಟ್ಟಿಕ್ಕುತ್ತಿತ್ತು.

"ಬುದ್ಧಿ, ನಾನು ಮೈಲಾರಯ್ಯನ ನಾಯಿ. ನಿಮ್ದು ಅಲ್ಲಿ ಕಟ್ಟೈತೆ."

"ತಮಾಷೆಗಂದೆ ಕಣೋ ಮುನಿರಾಮ. ತಿನ್ನು ತಿನ್ನು, ಪ್ರಸಾದ ಕೊಡು."

"ನಿಮ್ಗೆ ಕೊಡಕಾಗಲ್ಲ."

"ಕೆರೆ ಕೆಳಗಿನ ಗದ್ದೆ ಮರ್ತೋಯ್ತೇನೋ?"

"ಮರ್ತಿಲ್ಲ. ಅದು ನಿಮ್ದು ಬುದ್ಧಿ, ಮಡಿಕಳ್ಳಿ."

ಅವನು ದೋಣಿಯನ್ನು ಎದೆಗವಚಿಕೊಂಡು ಬೀದಿಗಿಳಿದ. ಮಾರಕ್ಕ ಸೆರಗು ಬಿಗಿದು ಹಿಂದೆ ನಡೆದಳು. ಪ್ರಸಾದ ಕೊಡದೆ ದೋಣಿ ಅಂಗಳ ದಾಟಿದರೆ ಆ ಮನೆಯ ಸೇವೆ ದೇವರಿಗೆ ಸಲ್ಲಲಿಲ್ಲವೆಂದೇ ಲೆಕ್ಕ. ವೆಂಕಟರಾಯಪ್ಪನ ತಾಯಿ ಅಕ್ಕಯಮ್ಮ, ಮುದುಕಿ, ಗೋಡೆ ಹಿಡಿದು ಮೆಟ್ಟಿಲಿಳಿದು ಬೀದಿಯ ದೂಳಿನಲ್ಲಿ ಮುನಿರಾಮಯ್ಯನಿಗೆ ಅಡ್ಡಬಿದ್ದಳು. "ನನ್ ಮಕ ನೋಡಪ್ಪ" ಎಂದಳು. ಅವನು ಅವಳನ್ನು ಎತ್ತಿ ನಿಲ್ಲಿಸಿ ಅಂಗೈಗೆ ಒಂದು ಚೂರು ಹಣ್ಣು ಹಾಕಿದ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ತಿಂದಳು. ರೈತರೂ ಒಬ್ಬೊಬ್ಬರಾಗಿ ಬೀದಿಗಿಳಿದು ಕೈಯೊಡ್ಡಿದರು. ಗೋಪಾಲಪ್ಪನೂ ಹೋಗಿ ತೆಗೆದುಕೊಂಡ. ನಾನೂ ಪಡೆದೆ.

ಕುರ್ಚಿಯಿಂದ ಏಳದೆ ಉಳಿದವರು ವೆಂಕಟರಾಯಪ್ಪ ಮತ್ತು ಅವನ ಬೀಗರು. ಬೀಗರು ಈಗ ನಗುತ್ತಿರಲಿಲ್ಲ. ಗಾಡಿ ಕಟ್ಟಿಸಲು ಹೇಳಿ ಎದ್ದರು.

"ಲೇ ಡಾಕಲ್" ಎಂದು ವೆಂಕಟರಾಯಪ್ಪ ಕೂಗಿದ. "ಕೆರೆ ಕೆಳಗಿನ ಗದ್ದೆಗೆ ನಾಳೆಯಿಂದ ನೀನು ನೇಗಿಲು ಹೂಡು."

ಗೋಪಾಲಪ್ಪನ ಬಾಯಲ್ಲಿ ಪ್ರಸಾದದ ಹಣ್ಣು ಇನ್ನೂ ಇತ್ತು. ಅವನು ಮುನಿರಾಮಯ್ಯ ಹೋದ ದಿಕ್ಕನ್ನೊಮ್ಮೆ ನೋಡಿದ. ಅವಸರವಾಗಿ ನುಂಗಿಕೊಂಡ.

"ಆಗ್ಲಿ ಬುದ್ಧಿ" ಎಂದ.