ಮೇಲೆದ್ದ ಮೂಲೆ

ಎಂಟನೇ ತರಗತಿಯ ಮಕ್ಕಳು ತಮ್ಮ ಗಣಿತದ ಟೀಚರಿಗೆ ‘ಮುಂದಿನ ಲೆಕ್ಕ’ ಎಂದು ಅಡ್ಡಹೆಸರಿಟ್ಟಿದ್ದರು. ಬೋರ್ಡಿನ ಮೇಲೆ ಉತ್ತರ ಬರೆದು ಅದರ ಕೆಳಗೆ ಎರಡು ಗೆರೆ ಎಳೆದದ್ದೇ ತಡ, “ಆಯ್ತಲ್ಲ? ಮುಂದಿನ ಲೆಕ್ಕ” ಎಂದುಬಿಡುತ್ತಿದ್ದರು ಆಕೆ. ಆ ಹೆಸರು ಆಕೆಯ ಕಿವಿಗೂ ಬಿದ್ದಿತ್ತು, ಬೇಸರವೇನೂ ಆಗಿರಲಿಲ್ಲ. ಹದಿನೆಂಟು ವರ್ಷಗಳಿಂದ ಅದೇ ಪಾಠಗಳನ್ನು ಅದೇ ತಿಂಗಳುಗಳಲ್ಲಿ ಮಾಡಿ ಮುಗಿಸುತ್ತ ಬಂದವರು. ಪುಸ್ತಕ ತೆರೆಯದೆಯೇ ಯಾವ ಲೆಕ್ಕ ಯಾವ ಪುಟದಲ್ಲಿದೆ ಎಂದು ಹೇಳಬಲ್ಲವರು. “ನಿಮ್ಮ ಇತಿಹಾಸವೇ ವಾಸಿ, ರಾಜರಾದರೂ ಸಾಯ್ತಾರೆ,” ಎಂದು ಸ್ಟಾಫ್ ರೂಮಿನಲ್ಲಿ ನಗೆಯಾಡುತ್ತಿದ್ದರು. “ನನ್ನ ತ್ರಿಕೋನ ಹುಟ್ಟೋದೂ ಇಲ್ಲ, ಸಾಯೋದೂ ಇಲ್ಲ.”

ಅದೇ ತರಗತಿಯಲ್ಲಿ ‘ಒಂದ್ನಿಮಿಷ’ ಎಂಬ ಹುಡುಗಿಯೊಬ್ಬಳಿದ್ದಳು. ಪರದೆ, ದಿಂಬಿನ ಚೀಲ ಹೊಲಿಯುವವಳ ಮಗಳು. ಉತ್ತರಪತ್ರಿಕೆ ಕಿತ್ತುಕೊಳ್ಳಲು ಹೋದಾಗಲೆಲ್ಲ “ಒಂದ್ನಿಮಿಷ, ಟೀಚರ್” ಎನ್ನುವವಳು. ಆ ನಿಮಿಷ ಎಷ್ಟು ಸಲ ಕೊಟ್ಟರೂ ಅವಳ ಅರ್ಧ ಹಾಳೆ ಖಾಲಿಯೇ ಉಳಿಯುತ್ತಿತ್ತು. ಜಾಣೆಯೋ ದಡ್ಡಿಯೋ ಎಂದು ಟೀಚರ್ ತಲೆಕೆಡಿಸಿಕೊಂಡಿರಲಿಲ್ಲ. ನಿಧಾನ ಎಂದು ಒಂದೇ ಮಾತಿನಲ್ಲಿ ಅವಳ ಲೆಕ್ಕ ಮುಗಿಸಿದ್ದರು.

ಒಂದು ಮಂಗಳವಾರ, ಊಟವಾದ ಮೇಲಿನ ಪೀರಿಯಡ್. ಅರ್ಧ ತರಗತಿ ತೂಕಡಿಸುತ್ತಿತ್ತು.

“ನಾಲ್ಕು ಬಾಹು ಇರೋ ಯಾವುದಾದರೂ ಒಂದು ಆಕೃತಿ ಬರೀರಿ,” ಎಂದರು ಟೀಚರ್. “ಪ್ರತಿ ಬಾಹುವಿನ ಸರಿಯಾದ ಮಧ್ಯಕ್ಕೆ ಒಂದು ಚುಕ್ಕೆ ಇಡಿ. ಆ ನಾಲ್ಕು ಚುಕ್ಕೆ ಸೇರಿಸಿ.”

ಸ್ಕೇಲು ಹಿಡಿದು ಸಾಲುಗಳ ನಡುವೆ ನಡೆದರು. ಎಲ್ಲರೂ ಚೌಕವನ್ನೋ ಆಯತವನ್ನೋ ಬರೆದಿದ್ದರು. ಒಂದ್ನಿಮಿಷಳ ಹಾಳೆಯ ಮೇಲೆ ಮಾತ್ರ ಕಾಲು ಮುರಿದ ಕುರ್ಚಿಯಂಥದ್ದೊಂದು ಬಿದ್ದುಕೊಂಡಿತ್ತು. ಒಂದು ಬಾಹು ಗೇಣುದ್ದ, ಇನ್ನೊಂದು ಬೆರಳುದ್ದ.

“ಏನಿದು?”

“ನೀವೇ ಯಾವುದಾದರೂ ಅಂದ್ರಲ್ಲ, ಟೀಚರ್.”

ಹಿಂದಿನ ಬೆಂಚಿನಿಂದ ಕಿಸಕ್ಕೆಂದು ನಗು ಬಂತು. ಟೀಚರಿಗೆ ರೇಗಿತು. “ಹಾಗಾದ್ರೆ ಇದನ್ನೇ ಬೋರ್ಡಿನ ಮೇಲೆ ದೊಡ್ಡದಾಗಿ ಬರಿ. ಎಲ್ಲರೂ ನೋಡಲಿ.”

ಹುಡುಗಿ ಬರೆದಳು. ಅಳೆದು ಚುಕ್ಕೆ ಇಟ್ಟಳು, ಚುಕ್ಕೆ ಸೇರಿಸಿದಳು. ಆ ಸೊಟ್ಟ ಆಕೃತಿಯ ಹೊಟ್ಟೆಯೊಳಗೆ, ಎದುರುಬದುರು ಗೆರೆಗಳು ಒಂದಕ್ಕೊಂದು ಸಮನಾಗಿ, ಅಚ್ಚುಕಟ್ಟಾದ ಸಮಾಂತರ ಚತುರ್ಭುಜವೊಂದು ಕೂತಿತ್ತು.

“ಅಯ್ಯೋ, ಕೆಡಲೇ ಇಲ್ಲ!” ಎಂದ ಒಬ್ಬ.

ಅಷ್ಟೇ. ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತರು. ಹೇಗಾದರೂ ಮಾಡಿ ಅದನ್ನು ಕೆಡಿಸಲೇಬೇಕೆಂದು ನಲವತ್ತು ಮಕ್ಕಳೂ ಹಟಕ್ಕೆ ಬಿದ್ದರು. ಒಬ್ಬಳು ಒಂದು ಮೂಲೆಯನ್ನು ಒಳಕ್ಕೆ ತಳ್ಳಿ ಬಾಣದ ತುದಿಯಂತೆ ಮಾಡಿದಳು. ಒಬ್ಬ ಕಡ್ಡಿಯಷ್ಟು ಸಪೂರವಾಗಿ ಎಳೆದ. ಏನು ಮಾಡಿದರೂ ಒಳಗೆ ಅದೇ ಶಿಸ್ತಿನ ಆಕೃತಿ ಮೂಡುತ್ತಿತ್ತು. ಟೀಚರಿಗೆ ಇದು ಗೊತ್ತಿದ್ದದ್ದೇ, ಅಭ್ಯಾಸದ ಐದನೇ ಲೆಕ್ಕ. ಆದರೆ ಹೀಗೆ ನಲವತ್ತು ಕೈಗಳು ಮುರಿಯಲು ಹೋಗಿ ಸೋಲುವುದನ್ನು ಆಕೆ ಎಂದೂ ಕಂಡಿರಲಿಲ್ಲ. ಆದರೂ ಗಡಿಯಾರ ನೋಡಿ, “ಆಯ್ತಲ್ಲ? ಮುಂದಿನ...” ಎಂದು ಬಾಯಿ ತೆರೆದರು.

“ಒಂದ್ನಿಮಿಷ, ಟೀಚರ್. ಒಂದು ಮೂಲೆ ಮೇಲಕ್ಕೆದ್ದರೆ?”

“ಹಾಗಂದ್ರೆ?”

“ಮನೇಲಿ ದೊಡ್ಡ ಪರದೆ ಮಡಚುವಾಗ ನಾಲ್ಕು ಜನ ನಾಲ್ಕು ಮೂಲೆ ಹಿಡ್ಕೋತೀವಿ. ಅಮ್ಮ ಎತ್ತರ, ನಾನು ಗಿಡ್ಡ, ತಮ್ಮ ಇನ್ನೂ ಗಿಡ್ಡ. ಒಂದು ಮೂಲೆ ಮೇಲೆ, ಒಂದು ಕೆಳಗೆ. ಹಾಳೆ ಮೇಲೆ ಅದು ಮಲಗೋದೇ ಇಲ್ಲ. ಆಗಲೂ ಮಧ್ಯದಲ್ಲಿ ಇದೇ ಬರುತ್ತಾ?”

ಅದು ಪಾಠದಲ್ಲಿಲ್ಲ ಎಂಬ ಉತ್ತರ ನಾಲಿಗೆಯ ತುದಿಯವರೆಗೂ ಬಂದು ಅಲ್ಲೇ ನಿಂತಿತು. ಟೀಚರ್ ಬೋರ್ಡು ನೋಡಿದರು, ಹುಡುಗಿಯನ್ನು ನೋಡಿದರು.

“ನನಗೆ ಗೊತ್ತಿಲ್ಲ,” ಎಂದರು.

ಆ ಕೋಣೆಯಲ್ಲಿ ಆಕೆಯ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಮಕ್ಕಳು ಪಿಳಿಪಿಳಿ ಕಣ್ಣು ಬಿಟ್ಟರು.

ಸ್ಟಾಫ್ ರೂಮಿನಲ್ಲಿ ಹಿರಿಯ ಮೇಷ್ಟ್ರಿದ್ದರು. ಮೂವತ್ತಾರು ವರ್ಷ ಗಣಿತ ಕಲಿಸಿದವರು, ಇನ್ನು ಕೆಲವೇ ತಿಂಗಳಲ್ಲಿ ನಿವೃತ್ತಿ. ಟೀಚರ್ ಪ್ರಶ್ನೆಯನ್ನು ಅವರ ಮುಂದಿಟ್ಟರು.

“ಬರಲ್ಲಮ್ಮ,” ಎಂದರು ಮೇಷ್ಟ್ರು, ಕನ್ನಡಕ ಒರೆಸುತ್ತ. “ಒಂದು ಮೂಲೆ ಎದ್ದರೆ ಇಡೀ ಆಕೃತಿಯೇ ತಿರುಚಿಕೊಳ್ಳುತ್ತೆ. ಒಳಗಿನದೂ ತಿರುಚಿಕೊಳ್ಳದೆ ಬಿಡುತ್ತಾ?”

“ನನಗೂ ಹಾಗೇ ಅನ್ನಿಸ್ತು, ಸಾರ್. ಆದರೆ ನೋಡಿಬಿಡೋಣ ಅಂತ.”

“ನೋಡಿ, ನೋಡಿ. ನಾನು ಸೋತರೆ ನಿಮ್ಮ ಎಂಟನೇ ತರಗತಿಯ ಪೇಪರೆಲ್ಲ ನಾನೇ ತಿದ್ದಿಕೊಡ್ತೀನಿ.”

ಮರುದಿನ ಆಟದ ಕೋಣೆಯಿಂದ ಹಗ್ಗ ಬಂತು, ಒಂದ್ನಿಮಿಷಳ ಮನೆಯಿಂದ ಕೆಂಪು ಪಟ್ಟಿಯ ತುಂಡುಗಳೂ ಬಿಳಿ ದಾರದ ಉಂಡೆಯೂ ಬಂದವು. ಬೆಂಚುಗಳನ್ನು ಗೋಡೆಗೆ ಸರಿಸಿದರು. ಉದ್ದನೆಯವನೊಬ್ಬ ಮೇಜಿನ ಮೇಲೆ ನಿಂತು ಕೈ ಎತ್ತಿ ಹಿಡಿದ. ಒಬ್ಬಳು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ಒಬ್ಬ ಬೆಂಚಿನ ಮೇಲೆ ಹತ್ತಿದ, ಇನ್ನೊಬ್ಬಳು ಸುಮ್ಮನೆ ನಿಂತಳು. ಹಗ್ಗ ನಾಲ್ವರ ಕೈಯಲ್ಲೂ ಬಿಗಿಯಾಯಿತು. ಕೈಯಿಂದ ಕೈಗೆ ಹೋದ ಹಗ್ಗದ ಪ್ರತಿ ಭಾಗದ ನಟ್ಟನಡುವೆ ಅಳೆದು ಕೆಂಪು ಪಟ್ಟಿ ಕಟ್ಟಿದರು. ಪಟ್ಟಿಯಿಂದ ಪಟ್ಟಿಗೆ ಬಿಳಿ ದಾರ ಎಳೆದರು. ತಲೆ ತಿರುಗಿದ ಜೇಡ ಬಲೆ ಕಟ್ಟಿದಂತೆ ಕಾಣುತ್ತಿತ್ತು.

“ಕೈ ನೋಯ್ತಿದೆ, ಟೀಚರ್!”

“ಅಲ್ಲಾಡಬೇಡ್ವೋ, ಮಾರಾಯ!”

ದಾರಗಳನ್ನು ಟೇಪಿನಿಂದ ಅಳೆದರು. ಎದುರುಬದುರಿನ ಎರಡು ದಾರಗಳ ಉದ್ದ ಒಂದೇ. ಇನ್ನೆರಡರದ್ದೂ ಒಂದೇ, ಕೂದಲೆಳೆಯಷ್ಟು ವ್ಯತ್ಯಾಸ. ಮಕ್ಕಳು ಹೋ ಎಂದರು. ಬಾಗಿಲಲ್ಲಿ ನಿಂತಿದ್ದ ಹಿರಿಯ ಮೇಷ್ಟ್ರು ಮಾತ್ರ ತಲೆಯಾಡಿಸಿದರು.

“ಅಳತೆ ಸಮ ಇದ್ದ ಮಾತ್ರಕ್ಕೆ ಆಗಲಿಲ್ಲ. ಅಳತೆ ಸಮ ಇದ್ದೂ ತಿರುಚಿಕೊಂಡಿರಬಹುದು. ನಾಲ್ಕು ದಾರವೂ ಒಂದೇ ಸಪಾಟಿನಲ್ಲಿವೆ ಅಂತ ಹೇಗೆ ಹೇಳ್ತೀರಿ?”

ಮಾತು ನ್ಯಾಯವಾದದ್ದು. ಒಂದ್ನಿಮಿಷ ತನ್ನ ನೋಟ್ ಪುಸ್ತಕದ ರಟ್ಟನ್ನು ಕಣ್ಣಿನ ಮುಂದೆ ಹಿಡಿದು ತಿರುಗಿಸುತ್ತಿದ್ದಳು.

“ರಟ್ಟನ್ನ ಅಂಚಿನ ಕಡೆಯಿಂದ ನೋಡಿದರೆ ಬರೀ ಗೆರೆ ಕಾಣುತ್ತೆ,” ಎಂದಳು ನಿಧಾನವಾಗಿ. “ಬಾಗಿದ ರಟ್ಟು ಹಾಗೆ ಕಾಣಲ್ಲ.”

ಟೀಚರ್ ಸೀಮೆಸುಣ್ಣದ ಪುಡಿ ಬಿದ್ದ ನೆಲದ ಮೇಲೆ ಮೊಣಕಾಲೂರಿದರು. ಒಂದು ಕಣ್ಣು ಮುಚ್ಚಿದರು. ತಲೆ ತಗ್ಗಿಸಿದರು, ಸ್ವಲ್ಪ ಎಡಕ್ಕೆ ವಾಲಿಸಿದರು, ಇನ್ನೂ ಸ್ವಲ್ಪ ತಗ್ಗಿಸಿದರು. ನಾಲ್ಕು ದಾರಗಳು ಹತ್ತಿರ ಹತ್ತಿರ ಬಂದವು. ಬರುಬರುತ್ತ ಒಂದರ ಹಿಂದೊಂದು ಅಡಗಿದವು. ಆಮೇಲೆ ದಾರಗಳೇ ಇರಲಿಲ್ಲ. ಗಾಳಿಯಲ್ಲಿ ಎಳೆದ ಒಂದೇ ಒಂದು ಬಿಳಿ ಗೆರೆ ಇತ್ತು. ಅದರ ಸುತ್ತ ಹಗ್ಗ ಮೇಲೆ ಕೆಳಗೆ ಮನಸ್ಸಿಗೆ ಬಂದಂತೆ ಓಡುತ್ತಿತ್ತು, ಮಕ್ಕಳ ಕೈ ನಡುಗುತ್ತಿತ್ತು, ಮೇಜಿನ ಮೇಲಿದ್ದವನು ಮೂಗು ತುರಿಸಿಕೊಳ್ಳಲಾರದೆ ಒದ್ದಾಡುತ್ತಿದ್ದ. ಆ ಗಲಿಬಿಲಿಯ ನಡುವೆ, ಯಾರೂ ಹೇಳದೆ ಕೇಳದೆ, ಆ ಗೆರೆ ನೆಟ್ಟಗೆ ನಿಂತಿತ್ತು. ಟೀಚರ ಮೈ ಜುಮ್ಮೆಂದಿತು. ಎದ್ದರೆ ಎಲ್ಲಿ ಹೋಗಿಬಿಡುತ್ತದೋ ಎಂಬಂತೆ ಅಲ್ಲೇ ಕೂತರು.

“ಕಾಣ್ತಾ, ಟೀಚರ್?”

“ಬನ್ನಿ,” ಎಂದರು. “ಒಬ್ಬೊಬ್ಬರೇ ಬನ್ನಿ.”

ಮಕ್ಕಳು ಸಾಲಾಗಿ ಬಂದು ಅದೇ ಜಾಗದಲ್ಲಿ ಮೊಣಕಾಲೂರಿದರು. ಗಲಾಟೆ ಮಾಡುತ್ತ ಬಂದವರು ನೋಡಿ ಎದ್ದಾಗ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಕೈ ಸೋತ ನಾಲ್ವರನ್ನು ಬಿಡಿಸಿ ಬೇರೆ ನಾಲ್ವರನ್ನು ಬೇರೆ ಎತ್ತರಗಳಲ್ಲಿ ನಿಲ್ಲಿಸಿ ದಾರ ಬಿಚ್ಚಿ ಕಟ್ಟಿದರು. ಕಣ್ಣಿಡುವ ಜಾಗ ಬದಲಾಯಿತು, ಆದರೆ ಮತ್ತೆ ಅದೇ ಒಂದು ಗೆರೆ. ಹಿರಿಯ ಮೇಷ್ಟ್ರು ಮಂಡಿನೋವಿನವರು. ಬೆಂಚು ಹಿಡಿದುಕೊಂಡು ಇಳಿದರು. ಬಹಳ ಹೊತ್ತು ನೋಡಿದರು.

“ಮೂವತ್ತಾರು ವರ್ಷ,” ಎಂದರು ಕೊನೆಗೆ. ಇಬ್ಬರು ಹುಡುಗರು ಕೈಕೊಟ್ಟು ಅವರನ್ನು ಎಬ್ಬಿಸಬೇಕಾಯಿತು.

ಆದರೆ ಯಾಕೆ ಹಾಗೆ? ಅದು ಇನ್ನೂ ತಿಳಿದಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಟೀಚರ್ ಬಂದಾಗ ಒಂದ್ನಿಮಿಷ ತರಗತಿಯ ಬಾಗಿಲನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತ ನಿಂತಿದ್ದಳು. ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ತ್ರಿಕೋನವಿತ್ತು, ಪಕ್ಕದ ಗೋಡೆಯ ಮೇಲೆ ಇನ್ನೊಂದು. ಕೀಲು ಇರುವ ಅಂಚೇ ಎರಡಕ್ಕೂ ಒಂದು ಬಾಹು. ಉಳಿದೆರಡು ಬಾಹುಗಳ ಮಧ್ಯ ಸೇರಿಸಿ ಎರಡರೊಳಗೂ ಒಂದೊಂದು ಗೆರೆ ಎಳೆದಿದ್ದಳು.

“ಇದೇ ನಮ್ಮ ನಾಲ್ಕು ಮೂಲೆ, ಟೀಚರ್. ಹಗ್ಗದ ಎದುರುಬದುರು ಎರಡು ಮೂಲೆಗೆ ಒಂದು ಗೆರೆ ಎಳೆದರೆ ಅದು ಎರಡು ತ್ರಿಕೋನ ಆಗುತ್ತಲ್ಲ? ಆ ಗೆರೆ ಅಂದ್ರೆ ಈ ಕೀಲು. ತ್ರಿಕೋನದ ಎರಡು ಬಾಹುಗಳ ಮಧ್ಯ ಸೇರಿಸಿದ ಗೆರೆ ಮೂರನೇ ಬಾಹುವಿಗೆ ಸಮಾಂತರ, ಅದರ ಅರ್ಧದಷ್ಟು ಉದ್ದ ಅಂತ ಹೋದ ವಾರ ನೀವೇ ಹೇಳಿಕೊಟ್ರಿ. ಬಾಗಿಲಿನ ಮೇಲಿರೋ ಈ ಗೆರೆ ಕೀಲಿಗೆ ಸಮಾಂತರ, ಕೀಲಿನ ಅರ್ಧ. ಗೋಡೆ ಮೇಲಿರೋದೂ ಅಷ್ಟೇ. ಈಗ ನೋಡಿ.”

ಬಾಗಿಲನ್ನು ಪೂರ್ತಿ ತೆರೆದಳು. ಅರ್ಧ ಮುಚ್ಚಿದಳು.

“ಬಾಗಿಲು ಎಷ್ಟು ತೆರೀಲಿ ಬಿಡಲಿ, ಎರಡೂ ಗೆರೆ ಕೀಲಿನ ಹಾಗೇ ನಿಂತಿರುತ್ತವೆ. ಕೀಲಿಗೆ ಸಮಾಂತರ ಅಂದ ಮೇಲೆ ಒಂದಕ್ಕೊಂದೂ ಸಮಾಂತರ. ಉದ್ದವೂ ಒಂದೇ. ಎದುರುಬದುರು ಎರಡು ಬಾಹು ಹಾಗಿದ್ದರೆ ಸಮಾಂತರ ಚತುರ್ಭುಜ ಆಗೋಕೆ ಸಾಕಲ್ವಾ, ಟೀಚರ್? ಮೂಲೆ ಎದ್ದರೆ ಬಾಗಿಲು ತೆರೆದ ಹಾಗೆ, ಅಷ್ಟೇ.”

ಟೀಚರ್ ಬಾಗಿಲನ್ನು ತಾವೇ ಒಮ್ಮೆ ತೆರೆದು ಮುಚ್ಚಿದರು. ಹದಿನೆಂಟು ವರ್ಷ ಇದೇ ಬಾಗಿಲು ತಳ್ಳಿಕೊಂಡು ಒಳಗೆ ಬಂದಿದ್ದರು. ಹುಡುಗಿಯ ತಲೆ ಸವರಬೇಕೆನ್ನಿಸಿತು; ಯಾಕೋ ಧೈರ್ಯ ಬರಲಿಲ್ಲ. “ಸಾಕು,” ಎಂದರು. “ಅಷ್ಟು ಸಾಕು, ಕಂದ.”

ಆ ತಿಂಗಳು ತರಗತಿ ಎರಡು ಪಾಠ ಹಿಂದೆ ಬಿತ್ತು, ಮುಖ್ಯೋಪಾಧ್ಯಾಯಿನಿಯಿಂದ ಮಾತೂ ಕೇಳಬೇಕಾಯಿತು. ಹಿರಿಯ ಮೇಷ್ಟ್ರು ಕೊಟ್ಟ ಮಾತಿನಂತೆ ತಿಂಗಳ ಪರೀಕ್ಷೆಯ ಪೇಪರ್ ತಿದ್ದಿದರು. ಒಂದ್ನಿಮಿಷಳಿಗೆ ಬಂದದ್ದು ನಲವತ್ತಕ್ಕೆ ಹದಿನೈದು.

“ಮೂರೇ ಲೆಕ್ಕ ಮಾಡಿದ್ದಾಳೆ,” ಎಂದರು ಮೇಷ್ಟ್ರು. “ಮೂರಕ್ಕೂ ನಾನು ಕಾಣದ ದಾರಿ ಹಿಡಿದಿದ್ದಾಳೆ. ಏನು ಮಾಡೋಣಮ್ಮ?”

ಅಂಕ ತಿದ್ದುವಂತಿರಲಿಲ್ಲ, ತಿದ್ದಲೂ ಇಲ್ಲ. ಟೀಚರ್ ನೇರವಾಗಿ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿ, ಮುಂದಿನ ಪರೀಕ್ಷೆಯಿಂದ ಆ ಹುಡುಗಿಗೆ ಅರ್ಧ ಗಂಟೆ ಹೆಚ್ಚು ಕೊಡಬೇಕೆಂದು ವಾದ ಮಾಡಿದರು. ಎರಡು ದಿನ ಹಿಡಿಯಿತು, ಒಪ್ಪಿಗೆ ಸಿಕ್ಕಿತು.

ಆ ಸಂಜೆ ಮನೆಯಲ್ಲಿ ಟೀಚರ್ ಎಂಟನೇ ತರಗತಿಯ ಪುಸ್ತಕವನ್ನು ಮೊದಲ ಪುಟದಿಂದ ತೆರೆದು ಪೆನ್ಸಿಲು ಹಿಡಿದು ಕೂತಿದ್ದರು. ಗಂಡ ಚಹದ ಲೋಟ ತಂದಿಟ್ಟು ಇಣುಕಿ ನೋಡಿದ.

“ಇದನ್ನ ನೀನು ಹದಿನೆಂಟು ವರ್ಷದಿಂದ ಪಾಠ ಮಾಡ್ತಿಲ್ವಾ?”

“ಮಾಡ್ತಿದ್ದೀನಿ,” ಎಂದರು ಟೀಚರ್, ತಲೆ ಎತ್ತದೆ. “ಓದಿರಲಿಲ್ಲ.”

ಅವನಿಗೆ ಅರ್ಥವಾಗಲಿಲ್ಲ. ಆದರೂ ಹಾಳೆಗಳಿಗೆ ಜಾಗವಾಗಲೆಂದು ಲೋಟವನ್ನು ಮೇಜಿನ ಅಂಚಿಗೆ ಸರಿಸಿ, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತ.