ಕಂಬಳಿ ಸರಿಯುವವರೆಗೆ

ಕಂಬಳಿಯ ಅಂಚು ಅಲ್ಲಾಡಿತೇ, ಇಲ್ಲ, ಗಾಳಿ, ಅಜ್ಜಿ ಬಾಗಿಲಿಗೆ ಇಳಿಬಿಟ್ಟ ಆ ಕೆಂಪು ಕಂಬಳಿ ಒಳಗಿಂದ ಸರಿಯುವವರೆಗೆ ಗಾಡಿಯಲ್ಲೇ ಕೂತಿರಬೇಕು, ನಮ್ಮ ನವಾಹೊ ಬುಡಕಟ್ಟಿನ ಸೀಮೆಯಲ್ಲಿ ಬಾಗಿಲು ಬಡಿಯುವವರು ಪೊಲೀಸರು ಮಾತ್ರ, ಎಲ್ಸೀ ಅಜ್ಜಿ ಕೂದಲು ಕಟ್ಟಿಕೊಳ್ಳಬೇಕು, ನೀಲಿಕಲ್ಲಿನ ಸರ ಹಾಕಿಕೊಳ್ಳಬೇಕು, ಹೊರಗೆ ಬಂದು, ಬಂದ್ಯಾ ಮಗಳೇ, ನಿನ್ನ ಗಾಡಿ ಸದ್ದಿಗೆ ನನ್ನ ಕುರಿಗಳಿಗೂ ಬಿಪಿ ಏರತ್ತೆ, ಎನ್ನಬೇಕು, ಆಮೇಲೆ ತಾನೇ ಆ ಕಾಲು ನನ್ನ ಮಡಿಲಿಗೆ ಬರುವುದು, ಹೆಬ್ಬೆರಳ ಕೆಳಗೆ ಸಕ್ಕರೆ ಕಾಯಿಲೆಯ ಹುಣ್ಣು, ಕಪ್ಪಾಗುತ್ತಿರುವ ಅಂಚು, ತೊಳೆಯಲು ನೀರು, ಪೀಪಾಯಿಯ ನೀರು ಕುರಿಗಳಿಗೆ ಮೊದಲು, ಅಜ್ಜಿಗೆ ಆಮೇಲೆ, ಫೀನಿಕ್ಸ್ ನಗರದಲ್ಲಿ ಅಂಗಳದ ಹುಲ್ಲಿಗೂ ನೀರು ಬಿಡುತ್ತಾರೆ — ಪಕ್ಕದಲ್ಲಿ ಕೂತ ಗ್ರ್ಯಾಂಟ್ ಅಲ್ಲಿಂದಲೇ ಬಂದವನು, ನಮ್ಮಂಥ ನರ್ಸುಗಳು ಮನೆಗೆ ಹೋಗುವುದರಿಂದ ಇಲ್ಲದವರ ಆರೋಗ್ಯ ಉಳ್ಳವರ ಸಮಕ್ಕೆ ಬರುತ್ತಿದೆಯೇ ಎಂದು ಅಳೆಯಲು, ಸಿಸ್ಟರ್, ನೀವು ಬಂದಿದ್ದಕ್ಕೆ ಇಲ್ಲಿ ಏನು ಬದಲಾಯ್ತು ಅಂತ ಬರೀಲಿ, ಅಂದಿದ್ದ ಕಳೆದ ವಾರ, ಕಂಬಳಿ ಸರಿಯಿತು ಅಂತ ಬರೆದುಕೋ ಅಂದಿದ್ದರೆ ನಗುತ್ತಿದ್ದ.

ಕಳೆದ ವಾರವೇ ಅವನು ಮಂಡಿಯೂರಿ, ಪ್ರೀತಿಯಿಂದಲೇ, ಅಜ್ಜಿ, ಆಸ್ಪತ್ರೆಗೆ ಬರದಿದ್ರೆ ನಿಮ್ಮ ಕಾಲು ತೆಗೀಬೇಕಾಗತ್ತೆ, ಎಂದದ್ದು, ಅಜ್ಜಿ ಕಾಲನ್ನು ನನ್ನ ಮಡಿಲಿಂದ ಮೆಲ್ಲಗೆ ಎಳೆದುಕೊಂಡಳು, ಈ ಹುಡುಗ ನನಗ್ಯಾಕೆ ಕೇಡು ಬಯಸ್ತಾನೆ, ಎಂದು ನಮ್ಮ ಭಾಷೆಯಲ್ಲಿ ನನ್ನನ್ನು ಕೇಳಿದಳು, ಇಲ್ಲಿ ಕೆಟ್ಟದ್ದನ್ನು ಬಾಯಿಬಿಟ್ಟು ಆಡಿದರೆ ಅದು ಆಗಿಬಿಡುತ್ತದೆ, ಹಾಗಾಗಿ ಅಲ್ಲಿಯವರೆಗೂ ನಾನು ಬೇರೆ ಯಾರದೋ ಕಥೆ ಹೇಳುತ್ತಿದ್ದೆ, ಒಬ್ಬ ಮುದುಕ ಇದ್ನಂತೆ ಅಜ್ಜಿ, ದಿನಾ ಕಾಲು ನೋಡ್ಕೊಳ್ತಿದ್ನಂತೆ, ಆಸ್ಪತ್ರೆಗೂ ಹೋಗಿಬಂದ್ನಂತೆ, ಮುಂದಿನ ವಸಂತದಲ್ಲೂ ಕುರಿ ಹಿಂದೆ ನಡೆದ್ನಂತೆ — ಅವಳು ಆ ಮುದುಕನನ್ನು ಬೈಯುತ್ತಾ ನಗುತ್ತಾ ಆಸ್ಪತ್ರೆಗೆ ಒಪ್ಪುವ ಹಂತಕ್ಕೆ ಬಂದಿದ್ದಳು, ಅಥವಾ ಹಾಗೆಂದು ನಾನು ನಂಬಿದ್ದೆ, ಕಥೆ ಹೇಳುತ್ತಾ ಹೇಳುತ್ತಾ ಹುಣ್ಣು ಕಪ್ಪಾಗಲು ಬಿಟ್ಟವಳು ನಾನೇ ಇರಬಹುದು. ನಾನು ಸುಳ್ಳು ಹೇಳಲಿಲ್ಲವಲ್ಲ ಸಿಸ್ಟರ್, ಎನ್ನುತ್ತಾನೆ ಈಗ, ಸುಳ್ಳಲ್ಲ, ನರ್ಸಿಂಗ್ ಕಾಲೇಜಿನಲ್ಲಿ ನನಗೂ ಅದನ್ನೇ ಕಲಿಸಿದ್ದು, ಹೋಗಿ ಬಾಗಿಲು ಬಡೀಲಾ, ಎಂದು ಕೇಳುತ್ತಾನೆ, ಬೇಡಪ್ಪಾ, ಕೂತ್ಕೋ, ಬಡಿದರೆ ಈ ವಾರವಷ್ಟೇ ಅಲ್ಲ, ಮುಂದೆಂದೂ ಕಂಬಳಿ ಸರಿಯದು, ಬಡಿಯದಿದ್ದರೆ ಕಾಲು, ಒಳಗೆ ಹೆಜ್ಜೆ, ಒಂದು ಗಟ್ಟಿ, ಒಂದು ಎಳೆದದ್ದು, ಬಂದಳು, ಕಂಬಳಿ ಗೇಣಷ್ಟು ಎದ್ದಿತು, ಕೆಳಗೆ ಆ ಕಾಲು, ನಾನು ಸುತ್ತಿದ ಪಟ್ಟಿಯೇ, ಬಿಚ್ಚಿಲ್ಲ, ಬದಲಿಸಿಲ್ಲ, ಆ ಕಾಲೇ ಒಂದು ಕಲ್ಲನ್ನು ಮೆಲ್ಲಮೆಲ್ಲಗೆ ತಳ್ಳುತ್ತಿದೆ, ಕಂಬಳಿ ಇಳಿಯಿತು, ಅಂಚಿನ ಮೇಲೆ ಕಲ್ಲು, ಗಾಳಿಗೂ ಅಲ್ಲಾಡದ ಕಂಬಳಿ, ಕೆಂಪು ಕಂಬಳಿ